ಸುಮೋ ಪೈಲ್ವಾನನ ಒಂದು ಹೆಜ್ಜೆ

ಸ್ನೇಹಿತರೇ, ಇವತ್ತು ಲಾಂಗ್ ಬೀಚ್‌ನಲ್ಲಿ ನನ್ನ ದೆಸೆಯಿಂದ ಒಬ್ಬ ಸುಮೋ ಪೈಲ್ವಾನನಿಗೆ ಶಿಕ್ಷೆಯಾಯಿತು.

ತಾಲೀಮು ನೋಡಲು ಬಂದವರಲ್ಲಿ ಯಾರು ಬೇಕಾದರೂ ಅವನನ್ನು ತಳ್ಳಿ ನೋಡಬಹುದು ಎಂದರು ಕೋಚ್. ನಾವಿರುವ ಕಾರ್ಲ್ಸ್‌ಬಾಡ್‌ನಿಂದ ದಾರಿಯುದ್ದಕ್ಕೂ ನನ್ನ ಕಾಲೇಜು ಕಬಡ್ಡಿಯ ಪ್ರತಾಪ ಕೇಳಿಸಿಕೊಂಡು ಬಂದಿದ್ದ ಹತ್ತು ವರ್ಷದ ಮಗಳು, "ಗೋ, ಅಪ್ಪ" ಎಂದು ಬೆನ್ನಿಗೆ ತಿವಿದಳು.

ತಳ್ಳಿದೆ. ತುಂಬಿದ ಫ್ರಿಜ್ಜಾದರೂ ಸ್ವಲ್ಪ ಅಲುಗುತ್ತದೆ, ಆಸಾಮಿ ಅಲುಗಲಿಲ್ಲ. ಬಲ ಮುಗಿದ ಮೇಲೆ ನನಗೆ ಉಳಿದದ್ದು ಬಾಯಿ. ಅವನ ಎದೆಗೆ ತಲೆ ಒತ್ತಿಕೊಂಡೇ ಇಂಗ್ಲಿಷಿನಲ್ಲಿ ಅಂಗಲಾಚಿದೆ: "ಒಂದೇ ಒಂದು ಹೆಜ್ಜೆ ಹಿಂದೆ ಹೋಗಪ್ಪಾ, ಮಗಳು ನೋಡ್ತಿದ್ದಾಳೆ."

ಪುಣ್ಯಾತ್ಮ ಹೋದ. ಮಗಳು ಚಪ್ಪಾಳೆ ತಟ್ಟಿದಳು. ಕೋಚ್ ತಟ್ಟಲಿಲ್ಲ.

"ಯಾಕೆ ಹಿಂದೆ ಸರಿದೆ?" ಎಂದು ಅವನನ್ನು ಕೇಳಿದರು.

"ಇವರು ಕೇಳಿಕೊಂಡರು, ಸರ್."

ಕಣದಲ್ಲಿ ಬೇಕೆಂದೇ ಹಿಂದೆ ಸರಿಯುವುದು ಅವರಲ್ಲಿ ದೊಡ್ಡ ತಪ್ಪಂತೆ. ಅದಕ್ಕೆ ಶಿಕ್ಷೆ, ಒಂದೊಂದೇ ಕಾಲನ್ನು ಪಕ್ಕಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸಬೇಕು, ಐವತ್ತು ಸಲ. ನಾಚಿಕೆಯಿಂದ ನಾನೂ ಪಕ್ಕದಲ್ಲಿ ನಿಂತು ಶುರುಮಾಡಿದೆ. ಏಳನೆಯದಕ್ಕೆ ಕುಸಿದು ಕೂತೆ. ಐವತ್ತೂ ಮುಗಿಸಿ ಅವನೇ ಬಂದು ಕೈಹಿಡಿದು ಎಬ್ಬಿಸಿದ.

ಕಾರಿನಲ್ಲಿ ಮಗಳು, "ಅಪ್ಪ, ಕಬಡ್ಡಿನಲ್ಲೂ ಯು ಜಸ್ಟ್ ಆಸ್ಕ್ಡ್ ದೆಮ್?" ಎಂದಳು.

ಆ ಆಟದಲ್ಲಿ ಬಾಯಿ ನಿಲ್ಲಿಸಿದವನು ಔಟ್ ಎಂದೆ. ಇಡೀ ದಿನದಲ್ಲಿ ಅವಳಿಗೆ ನಾನು ಹೇಳಿದ ನಿಜ ಅದೊಂದೇ.