ಕುಕ್ಕರಹಳ್ಳಿ ಕೆರೆಯ ಮಂಜು

ಒಂಟಿಕೊಪ್ಪಲಿನ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ನಡುಮನೆಯ ಒಂದು ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದೆ. ಅಲ್ಲಿ ನಾನು ತೆಗೆದ ಕುಕ್ಕರಹಳ್ಳಿ ಕೆರೆಯ ಫೋಟೋ ಇತ್ತು. ನೀರು, ಏರಿ, ಒಂದು ಮರ, ಮೇಲೆಲ್ಲ ಮಂಜು. ‘ಎಂಥ ಮೂಡ್ ಸಾರ್’ ಎಂದು ನೋಡಿದವರು ಹೊಗಳಿದಾಗ ಉಬ್ಬಿಹೋದವನೂ ನಾನೇ.

ಅದನ್ನು ತೆಗೆದ ದಿನ ಮಂಜೇ ಇರಲಿಲ್ಲ. ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ದಿನಾ ಅಲ್ಲಿ ವಾಕಿಂಗ್ ಬರುತ್ತಿದ್ದ ಭಾವ ಮಂಕಿ ಕ್ಯಾಪ್ ಹಾಕಿಕೊಂಡು ಬಂದು, “ಅದೇ ಕೆರೆ, ಅದೇ ನೀರು. ಎಷ್ಟು ಸಲ ತೆಗೀತೀಯಯ್ಯ? ನನ್ನದೂ ಒಂದು ತೆಗೆದ್ಬುಡು,” ಎಂದು ಏರಿಯ ಮೇಲೆ ಸೆಟೆದು ನಿಂತರು. ಬೇಜಾರಾಗದಿರಲಿ ಎಂದು ಒಂದು ತೆಗೆದೆ. ಮನೆಗೆ ಬಂದು ನೋಡಿದರೆ, ಹಾಳಾದ್ದು, ಬೆಳಕು ಸರಿಯಾಗಿ ಬಂದಿದ್ದು ಅದೊಂದರಲ್ಲೇ. ಕಂಪ್ಯೂಟರಿನಲ್ಲಿ ಭಾವನನ್ನು ಅಳಿಸಿದೆ. ಅಳಿಸಿದ ಕಲೆ ಕಾಣದಿರಲೆಂದು ಮಂಜು ಹಾಕಿದೆ. ‘ಏಕಾಂತ’ ಎಂದು ಹೆಸರಿಟ್ಟೆ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ಫೋಟೋವನ್ನೂ ಅಳಿಸಿಹಾಕಿದೆ. ಪ್ರಕೃತಿಯನ್ನು ಕಂಡ ಹಾಗೇ ತೋರಿಸಬೇಕು ಎಂದು ಹೊಸಬರಿಗೆ ಭಾಷಣ ಬಿಗಿಯುತ್ತಿದ್ದವನು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದೇ.

ಆ ವರ್ಷವೇ ಭಾವ ತೀರಿಕೊಂಡರು. ಎದೆನೋವು ಅಂದರು, ಅಷ್ಟೇ. ಕೆರೆ ಹತ್ತಿರ ಫೋಟೋ ತೆಗೆಸಿಕೊಂಡೆ ಎಂದು ಅಕ್ಕನಿಗೆ ಹೇಳಿದ್ದರಂತೆ. ತಿಥಿ ಮುಗಿದ ಮೇಲೆ ಅವಳು ಅದನ್ನೇ ಕೇಳಿದಳು. ನಾನು ಆ ಮಂಜಿನ ಫೋಟೋಗೇ ಫ್ರೇಮ್ ಹಾಕಿಸಿ ಕೊಟ್ಟೆ.

ಮನೆಗೆ ಬಂದವರಿಗೆಲ್ಲ ಅಕ್ಕ ಆ ಮಂಜಿನ ಮೇಲೆ ಬೆರಳಿಟ್ಟು, “ಇಲ್ಲೇ ನಿಂತಿದ್ದಾರೆ ನಮ್ಮನೆಯವರು. ಮಂಜು ಮುಚ್ಕೊಂಬುಟ್ಟಿದೆ ಕಣ್ರೀ,” ಅನ್ನುತ್ತಿದ್ದಳು. ಅವರೂ ಕಣ್ಣು ಕಿರಿದು ಮಾಡಿ ನೋಡಿ, ಹೌದು ಹೌದು ಅನ್ನುತ್ತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಹೋದ ವಾರ ಕಾಫಿ ಕೊಡುತ್ತಾ ಕೇಳಿದಳು: “ಕಂಪ್ಯೂಟರಲ್ಲಿ ಮಂಜು ತೆಗೆಯೋಕಾಗುತ್ತಂತಲ್ಲೋ? ಪೂರ್ತಿ ಬೇಡ ಕಣೋ. ಅವರ ಮುಖದ ಹತ್ರ ಒಂಚೂರು ತೆಗೆದುಕೊಡು.”

ಆಗಲಾದರೂ ಹೇಳಬೇಕಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. “ನೋಡ್ತೀನಿ ಕಣಕ್ಕ,” ಅಂದುಬಿಟ್ಟೆ, ಹೇಡಿ ನನ್ನ ಮಗ.

ಅವಳು ಆಗಲೇ ಫೋಟೋ ಇಳಿಸಿ, ಸೆರಗಿನಿಂದ ಗಾಜು ಒರೆಸಿ, ಹಳೇ ಸೀರೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. “ಬೇಗ ತಂದ್ಕೊಡು. ಗೋಡೆ ಬಿಕೋ ಅನ್ನುತ್ತೆ,” ಅಂದಳು. ಸುತ್ತಿದ ಸೀರೆಯನ್ನು ನಾನಿನ್ನೂ ಬಿಚ್ಚಿಲ್ಲ.