ಡಾಕ್ಟ್ರಮ್ಮನ ಮನೆಯ ಹಿಂಬಾಗಿಲು

ಸ್ನೇಹಿತರೇ, ಹರಿಹರದ ಮೊದಲ ಲೇಡಿ ಡಾಕ್ಟರ್ ವಾಸವಿದ್ದು ದವಾಖಾನೆ ನಡೆಸುತ್ತಿದ್ದ ಹಳೆಯ ಮನೆಯ ಹಿಂಬಾಗಿಲು ಮುಚ್ಚಿಹೋಗದೆ ಉಳಿದಿದೆ. ಸ್ಮಾರಕಕ್ಕೆಂದು ಮನೆ ರಿಪೇರಿ ಮಾಡುತ್ತಿರುವವರು ಆ ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಿದ್ದಾರೆಂದು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದವರು ಆ ಮನೆಯ ಪಕ್ಕದ ಟೈಲರ್ ನಾಗರಾಜ್. ದಾವಣಗೆರೆಯಿಂದ ಹೊರಡುವಾಗ ನಿಟ್ಟುವಳ್ಳಿಯ ಗಂಗಮ್ಮನವರನ್ನೂ ಕರೆದುಕೊಂಡು ಹೋದೆ. ಎಂಬತ್ತು ದಾಟಿದ ಅವರ ಮೊದಲ ಹೆರಿಗೆ ಆದದ್ದು ಆ ಮನೆಯಲ್ಲೇ.

ನಾವು ಹೋಗುವಷ್ಟರಲ್ಲಿ ಗೋಡೆ ಮೊಣಕಾಲೆತ್ತರ ಬಂದಿತ್ತು.

"ಮುಂದ್ಗಡೆ ಅಷ್ಟು ದೊಡ್ಡ ಬಾಗ್ಲು ಐತಲ್ಲಜ್ಜಿ, ಇದು ಯಾಕ ಬೇಕು?" ಎಂದರು ರಿಪೇರಿ ನೋಡಿಕೊಳ್ಳುತ್ತಿದ್ದ ಇಂಜಿನಿಯರ್.

"ಅದು ಗಂಡಸ್ರು ಓಡಾಡೋದಪ್ಪಾ. ಬಸುರಿ ಹೆಂಗಸ್ರು ಬಜಾರದಾಗೆ ಹೆಂಗೆ ಕುಂತು ಕಾಯ್ಬೇಕಿತ್ತು? ನಾವೆಲ್ಲ ಬರ್ತಿದ್ದಿದ್ದು ಈ ಸಂದಿಯಿಂದ. ಡಾಕ್ಟ್ರಮ್ಮ ಬೋರ್ಡೂ ಇಲ್ಲೇ ಹಾಕಿದ್ರು."

"ಹಿತ್ಲ ಬಾಗ್ಲಿಗೆ ಯಾರಾದ್ರೂ ಬೋರ್ಡ್ ಹಾಕ್ತಾರೇನಜ್ಜಿ?"

ಗಂಗಮ್ಮ ಬಾಗಿಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಬೋರ್ಡ್ ಇದ್ದ ಜಾಗದ ನಾಲ್ಕು ಮೂಲೆಗೆ ನಾಲ್ಕು ಮೊಳೆಯ ತೂತು ಕಂಡವು. ಇಂಜಿನಿಯರ್ ಮುಂಬಾಗಿಲಿಗೆ ಹೋಗಿ, ಮೊಬೈಲ್ ಟಾರ್ಚ್ ಹಾಕಿ ಹುಡುಕಿ ಬಂದರು. ಅಲ್ಲಿ ಒಂದು ತೂತೂ ಇರಲಿಲ್ಲ.

"ಇಟ್ಟಿಗೆ ತೆಗೀರಪ್ಪ," ಎಂದು ಗಾರೆಯವರಿಗೆ ಹೇಳಿದರು. ನಕ್ಷೆಯಲ್ಲಿ 'ಹಿಂಭಾಗ' ಎಂದಿದ್ದುದನ್ನು ಹೊಡೆದುಹಾಕಿ 'ಪ್ರವೇಶ' ಎಂದು ಬರೆದರು.

"ಇನ್ಮೇಲೆ ಗಂಡಸ್ರೂ ಹಿಂಗೇ ಬರ್ಲಿ ಬಿಡ್ರಿ, ಏನೂ ಆಗಲ್ಲ," ಎಂದರು ಗಂಗಮ್ಮ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಅದೇ ನಾಲ್ಕು ತೂತುಗಳಿಗೆ ಹೊಸ ಬೋರ್ಡ್ ಕೂರಿಸಲಾಗುತ್ತದೆ.