ಕೋಲಸಿರ್ಸಿಯ ಬಾವಿಯಲ್ಲಿ ಪೆಟ್ಟಿಲ್ಲದ ಹ್ಯಾಮರ್

ಕಲ್ಲು ಕೊರೆಯುವ ಹ್ಯಾಮರ್ ಕೆಟ್ಟಿದೆ ಎಂದು ಫೋನ್ ಬಂದರೆ ನನಗೀಗ ಮೊದಲು ಬರುವುದು ಆಕಳಿಕೆ. ಶಿರಸಿಯಲ್ಲಿ ನನ್ನದೊಂದು ತಗಡಿನ ಶೆಡ್ಡಿದೆ. ಅಲ್ಲಿಗೆ ತನ್ನಿ ಎಂದರೆ ಯಾರೂ ತರುವುದಿಲ್ಲ. ಇವತ್ತು ಯಲ್ಲಾಪುರದ ರಸ್ತೆ ಕೆಲಸ, ನಾಳೆ ಸಿದ್ದಾಪುರದ ಬಾವಿ. ನಟ್ಟು ಬಿಚ್ಚುವ ಪಾನಾಗಳ ಚೀಲವನ್ನು ಬೈಕಿಗೆ ಕಟ್ಟಿಕೊಂಡು ನಾನೇ ಓಡಬೇಕು. ಹೋಗಿ ನೋಡಿದರೆ ಹೆಚ್ಚಿನ ಸಲ ಎಣ್ಣೆ ಹಾಕಿರುವುದಿಲ್ಲ, ಅಷ್ಟೆ. ಹ್ಯಾಮರನ್ನು ಓಡಿಸುವ ಗಾಳಿಯ ಜೊತೆ ಎಣ್ಣೆ ಹೋಗದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂದು ಹೇಳಿ ಹೇಳಿ ಸಾಕಾಗಿದೆ.

ಕಳೆದ ಬೇಸಿಗೆಯಲ್ಲಿ ಕೋಲಸಿರ್ಸಿಯಿಂದ ಕರೆ ಬಂತು. ಬಾವಿ ತೋಡುವಾಗ ಕರಿಕಲ್ಲು ಸಿಕ್ಕಿತ್ತು. ಹ್ಯಾಮರ್ ಓಡುತ್ತಿತ್ತು, ಆದರೆ ಪೆಟ್ಟಿಗೆ ಜೋರಿರಲಿಲ್ಲ. ಅದನ್ನು ಹಿಡಿಯುವವನು ಬನವಾಸಿ ಕಡೆಯ ಆಳು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಮೀಸೆ ಬಂದಾಗಿನಿಂದ ಇದೊಂದೇ ಕೆಲಸ ಮಾಡಿದವನು. ಗುತ್ತಿಗೆದಾರನಿಗೆ ಅವನ ಮೇಲೆಯೇ ಅನುಮಾನ. ನಾನು ಬೈಕ್ ನಿಲ್ಲಿಸುವುದರೊಳಗೆ, ಅವನ ಎದುರಿಗೇ ಕೇಳಿಬಿಟ್ಟ.

"ತಪ್ಪು ಮಷಿನ್ನಿಂದಾ, ಅವನದಾ? ಒಂದು ಹೇಳಿಬಿಡು ಮಾರಾಯಾ. ಅವನದಾದ್ರೆ ನಾಳೆಯಿಂದ ಬೇರೆಯವ್ರನ್ನ ಇಳಿಸ್ತೆ."

ನನಗೆ ಸಿಟ್ಟು ಬಂತು. ಮನುಷ್ಯರನ್ನು ಬಿಚ್ಚಿ ನೋಡುವ ಪಾನಾ ನನ್ನ ಚೀಲದಲ್ಲಿಲ್ಲ. ಆದರೂ ಕೂತೆ.

ಟ್ರ್ಯಾಕ್ಟರಿನ ಕಂಪ್ರೆಸರ್ ನೋಡಿದೆ, ಗಾಳಿಯ ಒತ್ತಡ ಸರಿಯಿತ್ತು. ಪೈಪು ಎಲ್ಲೂ ಸೋರುತ್ತಿರಲಿಲ್ಲ, ಮಡಚಿಕೊಂಡಿರಲಿಲ್ಲ. ಆಶ್ಚರ್ಯವೆಂದರೆ ಎಣ್ಣೆಯೂ ಇತ್ತು. ಹ್ಯಾಮರಿನ ಎರಡೂ ಪಕ್ಕದ ಉದ್ದ ಬೋಲ್ಟುಗಳಲ್ಲಿ ಒಂದು ಬಿಗಿ, ಒಂದು ಸಡಿಲವಾದರೆ ಪಿಸ್ಟನ್ ಓರೆಯಾಗಿ ತಿಕ್ಕುತ್ತದೆ, ಅವೂ ಸಮನಾಗಿದ್ದವು. ಬಿಚ್ಚಿದೆ. ಪಿಸ್ಟನ್ನಿನ ಮುಖ ಒಡೆದಿರಲಿಲ್ಲ, ಕೊರೆಯುವ ಸರಳನ್ನು ತಿರುಗಿಸುವ ಹಲ್ಲುಗಳು ಸವೆದಿರಲಿಲ್ಲ. ಒಂದೊಂದನ್ನೂ ಸರಿಯಿದೆ ಎಂದು ಗೋಣಿಚೀಲದ ಮೇಲೆ ಇಡುತ್ತಿದ್ದಂತೆ ಆ ಆಳಿನ ಮುಖ ಇಳಿಯುತ್ತಾ ಹೋಯಿತು. ಯಂತ್ರದಲ್ಲಿ ಏನಾದರೂ ಕೆಟ್ಟಿರಲಪ್ಪಾ ಎಂದು ನಾನೇ ಬೇಡಿಕೊಳ್ಳುವ ಹಾಗಾಯಿತು. ಇಷ್ಟು ವರ್ಷಗಳ ಕಸುಬಿನಲ್ಲಿ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಕೊನೆಗೆ ಗಾಳಿ ಒಳಹೋಗುವ ಬಾಯಿಯಲ್ಲಿ ಕಸ ತಡೆಯುವ ಜಾಳಿಗೆಗೆ ಕೈಹಾಕಿದೆ. ಮೊದಲೇ ನೋಡಬೇಕಾದದ್ದು ಅದು. ಆದರೆ ಅದರ ನಟ್ಟು ಬಿಗಿಯಾಗಿ ಕೂತಿತ್ತು, ನನ್ನ ಮಣಿಕಟ್ಟಿಗೆ ಮೊದಲಿನ ಬಲವಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟಿದ್ದೆ. ಜಾಳಿಗೆ ಹೊರಗೆ ಬಂದಾಗ ಅದರ ತುಂಬ ಕೆಂಪು ಕೆಸರು. ಉಜ್ಜಿ ನೋಡಿದರೆ ಅಕ್ಕಿಕಾಳು, ಕುಂಕುಮ, ಒಂದೆರಡು ಹೂವಿನ ಎಸಳು. ಬಾವಿ ಶುರುಮಾಡುವ ದಿನ ಪೈಪು ಜೋಡಿಸುವ ಮೊದಲೇ ಹ್ಯಾಮರನ್ನು ಮಣೆಯ ಮೇಲೆ ಇಟ್ಟು ಪೂಜೆ ಮಾಡಿದ್ದರಂತೆ. ಬಾವಿ ತೋಡಿಸುತ್ತಿದ್ದ ಮನೆಮಂದಿಯೆಲ್ಲ ಅಕ್ಷತೆ ಹಾಕಿದ್ದಾರೆ, ತೆರೆದ ಬಾಯಿಗೆ ಬಿದ್ದದ್ದು ಎಣ್ಣೆಯಲ್ಲಿ ಕಲಸಿಹೋಗಿ ಜಾಳಿಗೆಗೆ ಮೆತ್ತಿಕೊಂಡಿದೆ. ಮನೆಯ ಅಮ್ಮ ಅದನ್ನು ಕಂಡು ಸೆರಗು ಬಾಯಿಗೆ ಹಿಡಿದುಕೊಂಡರು. ಆ ಆಳು ನಕ್ಕ. ನನಗೂ ಹಾಯೆನಿಸಿತು.

ಸೀಮೆಎಣ್ಣೆಯಲ್ಲಿ ತೊಳೆದು, ಜೋಡಿಸಿ, ಕಲ್ಲಿನ ಮೇಲೇ ಪರೀಕ್ಷೆ ಮಾಡೋಣವೆಂದು ಇಬ್ಬರೂ ಏಣಿ ಇಳಿದೆವು. ಮೇಲಿನಿಂದ ಗುತ್ತಿಗೆದಾರ ಗಾಳಿ ಬಿಟ್ಟ. ಆಳು ಹ್ಯಾಮರ್ ಹಿಡಿದು ಒತ್ತಿದ. ಪೆಟ್ಟು ಈಗ ಪೂರ್ತಿ ಜೋರಿನದು. ಸರಳು ಕಲ್ಲಿನ ಮೇಲೆ ಜಾರಿತು, ಅವನ ಕೈ ಹಿಡಿಯಿಂದ ಕಳಚಿತು. ಮತ್ತೆ ಹಿಡಿದ, ಮತ್ತೆ ಕಳಚಿತು. ಆ ಸೆಕೆಯಲ್ಲೂ ಅವನ ಬೆರಳತುದಿಗಳು ಬೆಳ್ಳಗಿದ್ದವು. ಹ್ಯಾಮರಿನ ನಡುಕ ತಿಂದು ತಿಂದು ಸತ್ತ ಬೆರಳುಗಳು. ಬಲವಿಲ್ಲದ ಹ್ಯಾಮರನ್ನು ಹೇಗೋ ಹಿಡಿದಿದ್ದ. ನಾನು ಅದನ್ನು ಸರಿಮಾಡಿ ಅವನ ಕೈಗೆ ಕೊಟ್ಟಿದ್ದೆ.

ಅದನ್ನು ಅವನಿಂದ ತೆಗೆದುಕೊಂಡು ನಾನೇ ಒಂದು ತೂತು ಕೊರೆದೆ. ತೋಳು ಭುಜದವರೆಗೆ ಜೋಮು ಹಿಡಿಯಿತು. ಬಾವಿಯ ತುಂಬ ಧೂಳೆದ್ದು ಮೇಲಿದ್ದವರಿಗೆ ನಾವು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ನಿಲ್ಲಿಸಿದಾಗ, ಕೊರೆದದ್ದು ಆಳೇ ಎಂದುಕೊಂಡ ಗುತ್ತಿಗೆದಾರ ಮೇಲಿನಿಂದ ಕೂಗಿ, ತಪ್ಪು ಮಷಿನ್ನಿನದೇ ಅಂದ ಹಾಗಾಯ್ತು, ನಾಳೆ ಬೆಳಿಗ್ಗೆ ಅವನೇ ಇಳಿಯಲಿ ಎಂದ.

ನಾನು ಹೌದೆಂದೆ. ಆ ಆಳು ಪಂಚೆಯ ತುದಿಯಿಂದ ಮುಖದ ಧೂಳು ಒರೆಸಿಕೊಂಡು, ನನಗಷ್ಟೇ ಕೇಳುವ ಹಾಗೆ ಹೇಳಿದ.

"ನಾಳೆ ನೀವು ಇರೂದಿಲ್ಲಲ್ರಿ."